ಮಂತ್ರದ ಮಗಳು

ಕೆಳಗಿನ ಮಠ, ಮಸ್ಕಿ
27 ಜನವರಿ 2025

ಭಾಗ್ಯಶ್ರೀ,

ನಾನು ಕಸ್ತೂರೆಮ್ಮ. ನಿನ್ನ ಅತ್ತಿ ಆಗಾಕಿ. ಹುಡುಗಿ ನೋಡಿ ಹೋದ ಹತ್ತು ದಿನಕ್ಕ ಅತ್ತಿ ಕಾಗದ ಬರದ್ರ ಏನೋ ತಕರಾರು ಐತಿ ಅಂತ ಹೆದರಬ್ಯಾಡ. ಮಠದಾಗ ಫೋನ್ ಐತಿ. ಆದ್ರ ನಮ್ಮ ಅಯ್ಯನೋರಿಗೆ, ಅಂದ್ರ ನಿನ್ನ ಮಾವ ಕರಿಬಸಯ್ಯನೋರಿಗೆ, ಕಿವಿ ಮಂದ. ಅದಕ್ಕ ಅದು ಯಾವಾಗಲೂ ಸ್ಪೀಕರಿನಾಗ ಇರ್ತೈತಿ. ನಾ ಉಪ್ಪಿಟ್ಟಿನ ಸುದ್ದಿ ಹೇಳಿದ್ರೂ ಪಡಸಾಲ್ಯಾಗ ಕುಂತ ಭಕ್ತರು ಹೌದ್ರಿ ಅಮ್ಮನೋರ ಅಂತ ತಲಿ ಹಾಕ್ತಾರ. ಹಂಗಾಗಿ ಕಾಗದ. ಮಸ್ಕಿ–ಸಿಂಧನೂರು ಟಂಟಂ ಓಡಸೂ ಜಿಲಾನಿಸಾಬ ನಮ್ಮ ಮಠದ ಮನಷಾ. ಅವನ ಕೈಯಾಗ ಕೊಟ್ಟದ್ದು ಯಾರ ಕಣ್ಣಿಗೂ ಬೀಳಂಗಿಲ್ಲ.

ನಮ್ಮದು ವಿರಕ್ತರ ಮಠ ಅಲ್ಲ. ಇಲ್ಲಿ ಅಯ್ಯ ಮದುವಿ ಆಗಬೇಕು, ಮಗ ಹುಟ್ಟಬೇಕು, ಆ ಮಗ ಮದುವಿ ಆಗಿ ಪಟ್ಟಕ್ಕ ಕುಂದ್ರಬೇಕು. ಹೆಂಡ್ತಿ ಇಲ್ಲದವಗ ಪಟ್ಟ ಇಲ್ಲ. ಏಳು ತಲಿಯಿಂದ ಹಂಗ ನಡದೈತಿ. ಬಸವ ಜಯಂತಿಗೆ ನಮ್ಮ ಮಗ ಸಂಗನಬಸವಗ ಮದುವಿ ಅಕ್ಕಿಕಾಳು ಬಿದ್ರ ಶ್ರಾವಣದಾಗ ಪಟ್ಟ.

ಸೊಸಿ ತರೂ ಮುಂಚೆ ಹಿರೇರು ಎರಡು ಕೇಳ್ತಾರ. ಒಂದು ಗೋತ್ರ. ಅದು ಬ್ಯಾರೆ ಬ್ಯಾರೆ ಐತಿ, ನಿಮ್ಮಪ್ಪ ಹೇಳ್ಯಾರ. ಇನ್ನೊಂದು, ನಿನಗ ಲಿಂಗದೀಕ್ಷಾ ಕೊಟ್ಟವರು ಯಾರು? ಕಿವ್ಯಾಗ ಮಂತ್ರ ಹೇಳಿದವರು ತಂದಿ, ಅವರ ಮಕ್ಕಳು ಅಣ್ಣತಮ್ಮರು. ನಮ್ಮ ಅಯ್ಯನೋರು ಈ ಸೀಮ್ಯಾಗ ಸಾವಿರಾರು ಮಂದಿಗೆ ಮಂತ್ರ ಕೊಟ್ಟಾರ. ಅವರ ಕಡಿಂದ ಮಂತ್ರ ತೊಗೊಂಡ ಹುಡುಗಿ ಈ ಮಠಕ್ಕ ಮಗಳಾಗ್ತಾಳ, ಸೊಸಿ ಆಗಂಗಿಲ್ಲ. ಇದಕ್ಕ ಜವಾಬು ಬರಿ.

ಹಂಗ ನಿನಗ ಏನು ಬೇಕು ಏನು ಬ್ಯಾಡ ಅದನ್ನೂ ಬರಿ. ನನ್ನ ಯಾರೂ ಕೇಳಿರಲಿಲ್ಲ.

ಕಸ್ತೂರೆಮ್ಮ


ಸಿಂಧನೂರು
5 ಫೆಬ್ರವರಿ 2025

ಪೂಜ್ಯ ಅಮ್ಮನೋರಿಗೆ,

ನಿಮ್ಮ ಕಾಗದ ಓದಿ ಮೊದಲು ಹೆದರಿಕಿ ಬಂತು, ಆಮ್ಯಾಲ ಉಪ್ಪಿಟ್ಟಿನ ಮಾತಿಗೆ ನಗು ಬಂತು. ಚಿಗವ್ವ ಏನಂತ ಕೇಳಿದ್ರು, ದವಾಖಾನಿ ಸುದ್ದಿ ಅಂದೆ. ನಾ ಇಲ್ಲಿ ಚಿಗವ್ವನ ಮನ್ಯಾಗ ಇದ್ದು ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಉಪಕೇಂದ್ರದಾಗ ನರ್ಸ್ ಕೆಲಸ ಮಾಡ್ತೀನಿ ಅನ್ನೂದು ನಿಮಗ ಗೊತ್ತೈತಿ. ಅಪ್ಪ ಅವ್ವ ತಂಗಿ ನಂದಿನಿ ಗುರುಗುಂಟಾದಾಗ.

ದೀಕ್ಷಾ ಆದದ್ದು ಎಂಟು ವರ್ಷದಾಕಿ ಇದ್ದಾಗ, 2009ರಾಗ. ಸಿಂಧನೂರಿನಾಗ ಸಾಮೂಹಿಕ ದೀಕ್ಷಾ ಇತ್ತಲ್ಲ, ಅಲ್ಲಿಗೆ ನಮ್ಮ ಅಜ್ಜಿ ಕರಕೊಂಡು ಹೋಗಿದ್ರು. ಬಾಳ ಮಂದಿ ಅಯ್ಯನೋರು ಬಂದಿದ್ರು, ಒಬ್ಬೊಬ್ಬರಿಗೆ ಒಂದೊಂದು ಸಾಲು. ನಮ್ಮ ಸಾಲಿನವರು ಯಾರು ಅಂತ ನನಗ ನೆನಪಿಲ್ಲ. ಅಜ್ಜಿ ತೀರಿಕೊಂಡ್ರು.

ಬೇಕು ಬ್ಯಾಡ ಕೇಳೀರಿ ಅಂತ ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನನ್ನ ಕೆಲಸ ಬಿಡಾಕ ಮನಸಿಲ್ಲ. ಕ್ಯಾಂಪಿನ ಬಂಗಾಲಿ ಹೆಣ್ಣಮಕ್ಕಳು ಮೊದಲು ನನ್ನ ಕೊರಳಾಗಿನ ಲಿಂಗ ನೋಡಿ ದೂರ ನಿಂದ್ರತಿದ್ರು, ಮೀನ ಅಡಗಿ ಮನಿ ಅಂತ ಒಳಗ ಕರೀತಿರಲಿಲ್ಲ. ಈಗ ಹೆರಿಗಿ ಬ್ಯಾನಿ ಸುರು ಆತಂದ್ರ ಭಾಗ್ಯದಿದಿ ಎಲ್ಲಿ ಅಂತಾರ.

ಇನ್ನೊಂದು. ಅವತ್ತ ಚಾ ಕೊಟ್ಟಾಗ ತಮ್ಮ ಮಗ ತಲಿ ಎತ್ತಿ ನೋಡಲಿಲ್ಲ. ನಾ ಅವರಿಗೆ ಮನಸಿಗೆ ಬಂದೀನೋ ಇಲ್ಲೋ?

ಭಾಗ್ಯಶ್ರೀ


ಮಸ್ಕಿ
14 ಫೆಬ್ರವರಿ 2025

ಭಾಗ್ಯಶ್ರೀ,

ಸಿಂಧನೂರಿನ ಸಾಮೂಹಿಕ ದೀಕ್ಷಾ ಅಂದ್ಯಲ್ಲ, ಹಂಗಾದ್ರ ಚಿಂತಿಲ್ಲ. ಆ ಮಾತು ಅಲ್ಲಿಗೆ ಬಿಡು.

ಸಂಗನಬಸವಗ ಮಾತು ಕಡಿಮಿ, ನಾಚಿಕಿ ಜಾಸ್ತಿ. ಸಣ್ಣಾಂವ ಇದ್ದಾಗಿಂದ ಪೂಜಿ, ಪುಸ್ತಕ, ಪತ್ರಿಗಿಡ ಇಷ್ಟ ಅವನ ಪ್ರಪಂಚ. ಹುಚ್ಚು ಬಿಡೂತನ ಮದುವಿ ಆಗಂಗಿಲ್ಲ, ಮದುವಿ ಆಗೂತನ ಹುಚ್ಚು ಬಿಡಂಗಿಲ್ಲ ಅಂತ ಗಾದಿ ಇಲ್ಲೇನ? ಹಂಗ ಪೆನ್ನಿಗೆ ಬಂತು ಬರದೆ, ಮನಸಿಗೆ ಹಚಗೋಬ್ಯಾಡ. ಹೆಣ್ಣಮಗಳು ಮನಿಗೆ ಬಂದ್ರ ಗಂಡಸು ತಾನ ತಲಿ ಎತ್ತತಾನ.

ಕೆಲಸದ್ದು ನೋಡೂಣು. ಮಠದ ಅಮ್ಮ ಸೂಜಿ ಹಿಡಕೊಂಡು ಕ್ಯಾಂಪ್ ತಿರಗಿದ್ರ ಭಕ್ತರು ಏನಂದಾರು? ಆದ್ರ ನಾ ಇಲ್ಲ ಅಂದಿಲ್ಲ.

ಶಿವರಾತ್ರಿಗೆ ಅಪ್ಪ ಅವ್ವನ ಕೂಡ ಮಠಕ್ಕ ಬಾ. ಉಡಿ ತುಂಬಿ ಮಾತು ಗಟ್ಟಿ ಮಾಡೂಣು. ಸೀರಿ ಹಸರು ತಂದೀನಿ. ಬ್ಯಾಡ ಅನ್ನಬ್ಯಾಡ, ಇಳಕಲ್ಲಿಂದ ತರಿಸೀನಿ.

ಕಸ್ತೂರೆಮ್ಮ


ಸಿಂಧನೂರು
3 ಮಾರ್ಚ್ 2025

ಪೂಜ್ಯ ಅಮ್ಮನೋರಿಗೆ,

ಸೀರಿ ಚಂದ ಐತಿ ಅಂತ ಎಲ್ಲಾರೂ ಅಂದ್ರು.

ನಿಮಗ ಒಂದು ಮಾತು ಕೇಳಬೇಕಂತ ಶಿವರಾತ್ರಿ ದಿನ ಅಡಗಿ ಮನಿತನ ಬಂದೆ. ನೀವು ಹೋಳಗಿ ಬೇಯಸಾಕತ್ತಿದ್ರಿ. ನನ್ನ ಮಾರಿ ನೋಡಿ ನೀವ ಮಾರಿ ತಿರವಿದ್ರಿ. ಕೆಲಸದ ಗದ್ದಲದಾಗ ಹಂಗ ಆಗಿರಬೇಕು. ಬಿಡ್ರಿ.

ಭಾಗ್ಯಶ್ರೀ


ಮಸ್ಕಿ
10 ಮಾರ್ಚ್ 2025

ಭಾಗ್ಯಶ್ರೀ,

ಇದೇನು ಕಾಗದ ಬರದಿ, ಔಷಧ ಚೀಟಿ ಬರದಂಗ? ಸೀರಿ ನಿನಗ ಬರೋಬರಿ ಅನಸಲಿಲ್ಲೇನ? ಇಲ್ಲಾ ನೌಕರಿ ಮಾತಿಗೆ ಸಿಟ್ಟಾಗೀಯೇನ? ಹಂಗಿದ್ರ ಕೇಳು. ನಾ ಅಯ್ಯನೋರ ಕಿವಿಗೆ ಹಾಕೀನಿ. ವಾರದಾಗ ಮೂರು ದಿನ ಹೋಗಿ ಬರ್ಲಿ ಅಂದಾರ. ಈ ಮಠದಾಗ ಇಷ್ಟು ಯಾರಿಗೂ ಸಿಕ್ಕಿಲ್ಲ.

ಲಗ್ನಪತ್ರಿಕಿ ಅಚ್ಚಿಗೆ ಕೊಟ್ಟೀವಿ. ಊರ ದೈವದ, ಅಂದ್ರ ಪಂಚರ, ಹಿರೇರು ಅಮರಗುಂಡಪ್ಪನೋರು ತಾವ ಮುಂದ ನಿಂತು ಹೆಸರು ಬರಸ್ಯಾರ. ಯಾರ ಹೆಸರು ಮ್ಯಾಲ ಯಾರ ಹೆಸರು ಕೆಳಗ ಅನ್ನೂದ್ರಾಗ ಎರಡು ದಿನ ಹೋದ್ವು. ಮಠದ ಮಂದಿಗೆ ಊಟ ಇಲ್ಲದಿದ್ರೂ ನಡೀತೈತಿ, ಹೆಸರು ಒಂದು ಗೆರಿ ಕೆಳಗ ಬಂದ್ರ ನಡ್ಯಂಗಿಲ್ಲ.

ಜಲ್ದಿ ಬರಿ. ನಗಸೂ ಹಂಗ ಬರಿ.

ಕಸ್ತೂರೆಮ್ಮ


ಸಿಂಧನೂರು
19 ಮಾರ್ಚ್ 2025

ಪೂಜ್ಯ ಅಮ್ಮನೋರಿಗೆ,

ದೀಕ್ಷಾದ ದಿನ ನನಗ ಈಗ ನೆನಪಾಗೈತಿ. ಶಿವರಾತ್ರಿ ದಿನ ಅಯ್ಯನೋರು ನನ್ನ ತಲಿ ಮ್ಯಾಲ ಕೈ ಇಟ್ಟಾಗ ಅದ ಕೈ ಅನಸ್ತು. ಆಮ್ಯಾಲ ದನಿನೂ ಅದ ಅನಸ್ತು. ಸಿಂಧನೂರಿನಾಗ ನಮ್ಮ ಸಾಲಿಗೆ ಮಂತ್ರ ಕೊಟ್ಟವರು ಕರಿಬಸಯ್ಯನೋರು. ನಾ ಅವರ ಮಂತ್ರದ ಮಗಳು. ತಮ್ಮ ಮಗ ನನಗ ಅಣ್ಣ ಆಗಬೇಕು.

ನಮ್ಮಪ್ಪಗ ಹೇಳೀನಿ. ಅಪ್ಪ ಕೇಳಿ ಅಮರಗುಂಡಪ್ಪನೋರಿಗೆ ಫೋನ್ ಮಾಡಿದ್ರು. ಯಾರದೂ ತಪ್ಪಿಲ್ಲ. ನನ್ನ ನೆನಪು ತಡಾ ಆತು, ಅದಕ್ಕ ನಿಮ್ಮ ಕ್ಷಮಾ ಕೇಳ್ತೀನಿ.

ಭಾಗ್ಯಶ್ರೀ


ಮಸ್ಕಿ
22 ಮಾರ್ಚ್ 2025

ಏ ಹುಡುಗಿ,

ಸುಳ್ಳಿ ನೀನು. ಮುಖದ ಮ್ಯಾಲ ಹೇಳ್ತೀನಿ, ಸುಳ್ಳಿ.

ಯಾಕಂತಿ? ಕೇಳು. ಇದನ್ನ ನಾ ಹದಿನಾರು ವರ್ಷದಾಗ ಯಾರಿಗೂ ಹೇಳಿಲ್ಲ. ಅವತ್ತ ನಮ್ಮ ಅಯ್ಯನೋರು ಸಿಂಧನೂರಿಗೆ ಹೋಗೇ ಇಲ್ಲ. ದೀಕ್ಷಾ ಪತ್ರಿಕ್ಯಾಗ ಅವರ ಹೆಸರು ಐದನೇ ಗೆರಿಯಾಗ ಹಾಕಿದ್ರು, ಅವರಿಗಿಂತ ಸಣ್ಣ ಮಠದವರದು ಮೂರನೇ ಗೆರಿಯಾಗ. ಮಸ್ಕಿ ಬಸ್ ಸ್ಟ್ಯಾಂಡಿನಾಗ ನಿಂತು ಆ ಪತ್ರಿಕಿ ಇನ್ನೊಮ್ಮೆ ಓದಿದ್ರು, ಸಿಂಧನೂರ ಬಸ್ ಬಿಟ್ಟು ಲಿಂಗಸುಗೂರ ಬಸ್ ಹತ್ತಿದ್ರು. ನಮ್ಮ ತವರುಮನ್ಯಾಗ ಎರಡು ದಿನ ಹೋಳಗಿ ತಿಂದು ಮಲಗಿದ್ರು. ತಿರುಗಿ ಬಂದು ಮಂದಿ ಮುಂದ ದೀಕ್ಷಾ ಬಾಳ ಚಂದ ಆತು ಅಂದ್ರು. ನಾನೂ ಬಾಜೂಕ ನಿಂತು ಹೌದು ಅಂದೆ. ಗಂಡನ ಮಾನ ಹೆಂಡ್ತಿ ಕೈಯಾಗ ಇರ್ತೈತಿ. ನಿನ್ನ ಕಿವ್ಯಾಗ ಯಾರು ಏನು ಹೇಳಿದ್ರೋ ನನಗ ಗೊತ್ತಿಲ್ಲ. ನಮ್ಮವರಂತೂ ಹೇಳಿಲ್ಲ.

ಕ್ಯಾಂಪಿನಾಗ ಯಾರರ ಅದಾನೇನ? ಇದ್ರ ನೆಟ್ಟಗ ಹೇಳಬೇಕಿತ್ತು. ಮಂತ್ರ ಅಡ್ಡ ಇಟಗೊಂಡು ಆಟ ಆಡಬ್ಯಾಡ.

ಯುಗಾದಿ ಅಮಾಸಿ ದಿನ ಊರ ದೈವ ಮಠದಾಗ ಪಂಚಾಯ್ತಿಗೆ ಕೂಡತೈತಿ. ಅಮರಗುಂಡಪ್ಪನೋರು ಅಂದಾರ, ಎಂಟು ವರ್ಷದ ಕೂಸಿನ ನೆನಪು ಸಾಲಂಗಿಲ್ಲ, ಅವತ್ತ ಅಲ್ಲಿದ್ದ ದೊಡ್ಡವರು ಯಾರರ ಸಾಕ್ಷಿ ಹೇಳಬೇಕು, ಇಲ್ಲಾ ಹುಡುಗಿ ಅಂಗೈಯಾಗ ಲಿಂಗ ಇಟಗೊಂಡು ಮಠ ಕಟ್ಟಿದ ಮೂಲ ಅಯ್ಯನ ಸಮಾಧಿ ಗದ್ದಿಗಿ ಮುಟ್ಟಿ ಆಣಿ ಮಾಡಬೇಕು ಅಂತ. ಆ ಗದ್ದಿಗಿ ಮುಟ್ಟಿ ಸುಳ್ಳ ಹೇಳಿದವರ ಮನಿ ಎದ್ದದ್ದು ನಾ ನೋಡಿಲ್ಲ. ನೀ ಕೈ ಇಡೂ ಮುಂಚೆ ನಾ ಎದ್ದು ನಿಂತು ಲಿಂಗಸುಗೂರಿನ ಸುದ್ದಿ ಹೇಳಿದ್ರ ನಿನ್ನ ಗತಿ ಏನು? ನಿಮ್ಮಪ್ಪ ಯಾವ ಊರಾಗ ಮಾರಿ ತೋರಸ್ತಾರ? ವಿಚಾರ ಮಾಡು. ಇನ್ನೂ ಏಳು ದಿನ ಅದಾವ.

ಕಸ್ತೂರೆಮ್ಮ


ಸಿಂಧನೂರು
25 ಮಾರ್ಚ್ 2025

ಅಮ್ಮನೋರ,

ಹೌದು. ಸುಳ್ಳು ಹೇಳೀನಿ. ಈಗ ಖರೇ ಕೇಳ್ರಿ.

ಶಿವರಾತ್ರಿ ದಿನ ಉಡಿ ತುಂಬೂ ಮುಂಚೆ ತಮ್ಮ ಮಗ ನನ್ನ ಪತ್ರಿಗಿಡದ ಹತ್ತಿರ ಕರದ್ರು. ಮೊದಲನೇ ಸಲ ತಲಿ ಎತ್ತಿ ಮಾತಾಡಿದ್ರು. "ಪಟ್ಟಕ್ಕ ಹೆಂಡ್ತಿ ಬೇಕು ಅಂತ ತಾಳಿ ಕಟ್ತೀನಿ. ಸಂಸಾರ ಮಾಡಂಗಿಲ್ಲ. ಮೂರು ವರ್ಷದ ಹಿಂದ ಸಂಕಲ್ಪ ಮಾಡೀನಿ. ನೀ ಮಠದಾಗ ಅಮ್ಮ ಆಗಿರು, ನಾ ಮಾಳಗಿ ಮ್ಯಾಲಿನ ಕ್ವಾಣ್ಯಾಗ ಇರ್ತೀನಿ. ಅವ್ವಗ ಎಲ್ಲಾ ಗೊತ್ತೈತಿ" ಅಂದ್ರು. ಅವರ ಮ್ಯಾಲ ನನಗ ಸಿಟ್ಟಿಲ್ಲ. ಅವರು ನನಗ ಸುಳ್ಳು ಹೇಳಲಿಲ್ಲ.

ಸಿಟ್ಟು ನಿಮ್ಮ ಮ್ಯಾಲ. ನಿನಗೇನು ಬೇಕು ಅಂತ ಕೇಳಿದ್ರಿ. ನನ್ನ ಯಾರೂ ಕೇಳಿರಲಿಲ್ಲ ಅಂತ ಬರದ್ರಿ. ಅದನ್ನ ಓದಿ ನಿಮ್ಮಂಥಾ ಅತ್ತಿ ಸಿಕ್ಕಳಲ್ಲ ಅಂತ ನಾ ಚಿಗವ್ವನ ಮುಂದ ಹೇಳಿಕೊಂಡು ತಿರಗೀನಿ. ಎಲ್ಲಾ ಗೊತ್ತಿದ್ದು ನಾಚಿಕಿ ಅಂದ್ರಿ. ದಿನಾ ಒಂದೊಂದು ಹೆರಿಗಿ ಮಾಡಸೂ ಕೈ ಇವು, ಅಮ್ಮನೋರ. ನನಗೂ ಒಂದು ಕೂಸು ಬೇಕಂತ ಆಸೆ ಐತಿ. ಅದನ್ನ ಬಾಯಿ ಬಿಟ್ಟು ಯಾರ ಮುಂದ ಹೇಳಲಿ?

ಮದುವಿ ಒಲ್ಲೆ ಅಂದ್ರ ಯಾಕ ಅಂತಾರ. ಖರೇ ಹೇಳಿದ್ರ ತಮ್ಮ ಮಗನ ಹೆಸರು ಬಯಲಾಗತೈತಿ, ಪಟ್ಟ ಹೋಗತೈತಿ. ಹೇಳದಿದ್ರ ಉಡಿ ತುಂಬಿಸಿಕೊಂಡು ಒಲ್ಲೆ ಅಂದ ಹುಡುಗಿ ಅಂತ ನನ್ನ ಹೆಸರು ಹೋಗತೈತಿ. ನನ್ನ ಬೆನ್ನಿಗೆ ನಂದಿನಿ ಅದಾಳ, ಆಕೀನ ಯಾರು ಕೇಳ್ತಾರ? ಅದಕ್ಕ ನೀವ ಬರದ ಮೊದಲನೇ ಕಾಗದ ತಗದು ಓದಿದೆ. ಯಾರನ್ನೂ ಬೈದಂಗ ಆಗದ ಒಂದ ದಾರಿ ಅದ್ರಾಗ ಇತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ. ನಾ ಒಂದ ಸುಳ್ಳು ಹೇಳಿ ಒಂದು ಮದುವಿ ನಿಲ್ಲಸಾಕ ಹೋದೆ.

ಕ್ಯಾಂಪಿನಾಗ ಯಾರೂ ಇಲ್ಲ. ಆ ಮಾತು ನೀವು ಬರೀಬಾರದಿತ್ತು.

ಅಮಾಸಿಗೆ ಬರ್ತೀನಿ. ಗದ್ದಿಗಿ ಮುಟ್ಟತೀನಿ. ನೀವು ಎದ್ದು ಲಿಂಗಸುಗೂರಿನ ಸುದ್ದಿ ಹೇಳೂದಿದ್ರ ಹೇಳ್ರಿ.

ಭಾಗ್ಯಶ್ರೀ


ಮಸ್ಕಿ
29 ಮಾರ್ಚ್ 2025, ಮುಂಜಾನೆ

ಇವತ್ತ ಬರಬ್ಯಾಡ. ಅಪ್ಪ ಒಬ್ಬರ ಬರ್ಲಿ. ಜಿಲಾನಿಸಾಬಗ ನಿನ್ನ ಹತ್ತಿಸಿಕೊಳ್ಳಬ್ಯಾಡ ಅಂತ ಹೇಳೀನಿ. ಮನ್ಯಾಗ ಕುಂದ್ರು.

ಕ.


ಸಿಂಧನೂರು
29 ಮಾರ್ಚ್ 2025

ನನ್ನ ಬಿಟ್ಟು ನನ್ನ ಮಾತು ತೀರಸ್ತೀರೇನ? ನಾ ಇಲ್ಲದಾಗ ನನ್ನ ಸುಳ್ಳಿ ಅನ್ನೂದು ಸಸಾರ. ಜಿಲಾನಿಸಾಬ ಒಲ್ಲೆ ಅಂದ್ರ ಸರಕಾರಿ ಬಸ್ ಐತಿ. ಬರ್ತೀನಿ.

ಭಾಗ್ಯಶ್ರೀ


ಮಸ್ಕಿ
2 ಏಪ್ರಿಲ್ 2025

ಭಾಗ್ಯಾ,

ನೀ ಬಸ್ಸಿಳಿದು ಮಠದ ಅಗಸಿಗೆ ಬರೂದ್ರೊಳಗ ದೈವ ಎದ್ದಿತ್ತು. ನಿಮ್ಮಪ್ಪ ನಿನ್ನ ಕೈ ಹಿಡಿದು ಹಂಗ ತಿರುಗಿಸಿಕೊಂಡು ಹೋದದ್ದನ್ನ ನಾ ಕಿಟಕ್ಯಾಗ ನಿಂತು ನೋಡಿದೆ. ಸಂಬಂಧ ಮುರೀತು ಅಂತ ಅಷ್ಟ ಹೇಳಿರತಾರ. ಒಳಗ ಏನಾತು ಅಂತ ನಿನಗ ಗೊತ್ತಿರಬೇಕು.

ನಿನ್ನ ಕಾಗದ ನಾಕು ದಿನ ನನ್ನ ಕುಪ್ಪಸದಾಗ ಇತ್ತು. ಉಣ್ಣಾಕ ಆಗಲಿಲ್ಲ. ಮೊದಲನೇ ದಿನ ಸಿಟ್ಟು, ಎರಡನೇ ದಿನಾನೂ ಸಿಟ್ಟು. ಮೂರನೇ ದಿನ ಸಂಗನಬಸವನ್ನ ಕರದು ಕೇಳಿದೆ, ಹುಡುಗಿಗೆ ಎಲ್ಲಾ ಹೇಳೀಯಂತ, ಖರೇ ಏನು ಅಂತ. ಹೇಳದ ಮದುವಿ ಆಗೂದು ಪಾಪ ಅಲ್ಲೇನವ್ವ ಅಂದ. ನನ್ನ ಮಗ ನನಗಿಂತ ನೆಟ್ಟಗಿನಾಂವ. ಮದುವಿ ಆದ್ರ ಸರಿ ಹೋಗ್ತಾನ ಅಂತ ನಾ ಗಂಟು ಹಾಕಾಕ ಹೊಂಟಿದ್ದೆ. ಸರಿ ಹೋಗದಿದ್ರ ನಿನ್ನ ಜೀವ ಏನಾಗ್ತಿತ್ತು ಅಂತ ಒಮ್ಮೆನೂ ಎಣಿಸಿರಲಿಲ್ಲ. ಅವತ್ತ ನೀ ಅಡಗಿ ಮನಿ ಬಾಗಲದಾಗ ನಿಂತಾಗ ನಿನ್ನ ಮಾರಿ ನೋಡಿನ ನನಗ ತಿಳಿದಿತ್ತು. ಬೇಕಂತನ ಮಾರಿ ತಿರವಿದೆ.

ದೈವದಾಗ ಅಮರಗುಂಡಪ್ಪನೋರು ಸಾಕ್ಷಿ ಯಾರದಾರ ಅಂತ ಕೇಳಿದ್ರು. ನಾ ಸೆರಗ ಹೊತ್ತು ಎದ್ದೆ. ಅವತ್ತ ಅಯ್ಯನೋರ ಕೂಡ ಸಿಂಧನೂರಿಗೆ ನಾನೂ ಹೋಗಿದ್ದೆ ಅಂದೆ. ಎಂಟು ವರ್ಷದ ಹುಡುಗಿ ಅಳತಿತ್ತು, ನಾನ ಹೆಗಲು ಹಿಡಿದು ಕುಂದ್ರಿಸಿದ್ದೆ, ಅದು ಈಕಿನ ಅಂದೆ. ಆಮ್ಯಾಲ ಅವರು ಕೇಳೂ ಮುಂಚೆ ನಾನ ಹೋಗಿ ಲಿಂಗ ಅಂಗೈಯಾಗ ಹಿಡಿದು ಗದ್ದಿಗಿ ಮುಟ್ಟಿದೆ. ಆಣಿ ಮಾಡಿದೆ.

ಅಯ್ಯನೋರು ಮುಂದ ಕುರ್ಚಿ ಮ್ಯಾಲ ಕುಂತಿದ್ರು. ನನ್ನ ಬಾಳ ಹೊತ್ತು ನೋಡಿದ್ರು. ಅಮರಗುಂಡಪ್ಪನೋರು ನಿಮಗ ನೆನಪೈತೇನ್ರಿ ಅಂತ ಕೇಳಿದಾಗ "ಕಸ್ತೂರಿ ಹೇಳಿದ ಮ್ಯಾಲ ಮುಗೀತು" ಅಂದ್ರು, ಅಷ್ಟ. ಪಾಪ, ಹದಿನಾರು ವರ್ಷದ ಮಾತು, ಮುದುಕಗ ಮರ್ತು ಹೋಗೈತಿ. ತಾ ಖರೇನ ಹೋಗಿದ್ದೆ ಅಂತ ತಿಳಕೊಂಡಾರ.

ಈಗ ನಿನ್ನ ಮ್ಯಾಲ ಯಾರೂ ಬಟ್ಟು ತೋರಸಂಗಿಲ್ಲ. ಅಮರಗುಂಡಪ್ಪನೋರು ಮಂತ್ರದ ಮಗಳನ್ನ ಬರೂ ಪಂಚಮಿಗೆ ಮಠಕ್ಕ ಕರಸಬೇಕು, ಕುಪ್ಪಸ ಕೊಡಬೇಕು ಅಂತ ಎಲ್ಲಾರ ಮುಂದ ಹೇಳ್ಯಾರ. ಪಟ್ಟದ ಮಾತು ಅಯ್ಯನೋರು ಸದ್ಯಕ್ಕ ಬಿಡ್ರಿ ಅಂದ್ರು. ಸಂಗನಬಸವಗ ನಾ ಇನ್ನ ಮದುವಿ ಮಾತು ಎತ್ತಂಗಿಲ್ಲ.

ನನ್ನ ಸುದ್ದಿ ಏನು ಹೇಳಲಿ. ಆಣಿ ಮಾಡಿ ನಾಕು ದಿನ ಆತು, ಗದ್ದಿಗಿ ಕಡೆ ಹೆಜ್ಜಿ ಇಡಾಕ ಆಗವಲ್ದು. ಮೂವತ್ತಾರು ವರ್ಷ ದಿನಾ ನಾನ ದೀಪ ಹಚ್ಚೀನಿ. ಈಗ ಮೈಯಾಗ ಹುಷಾರಿಲ್ಲ ಅಂತ ನೆಗೆಣ್ಣಿ ಮಮತಾನ ಕಳಸಾಕತ್ತೀನಿ. ಹೆದರಿಕಿ ಆಗತೈತಿ, ಭಾಗ್ಯಾ. ನನಗ ಏನರ ಆದ್ರ ಆಗ್ಲಿ, ನನ್ನ ಮಗಗ ಆಗಬಾರದು. ಆದ್ರೂ ಇನ್ನೊಮ್ಮೆ ಕೇಳಿದ್ರ ಇನ್ನೊಮ್ಮೆ ಮುಟ್ಟತೀನಿ.

ಕ್ಯಾಂಪಿನ ಮಾತು ಬರದದ್ದಕ್ಕ ತಪ್ಪಾತು.

ಕಸ್ತೂರೆಮ್ಮ


ಸಿಂಧನೂರು
31 ಜುಲೈ 2025

ಅವ್ವಾ,

ಏಪ್ರಿಲ್‌ನಾಗ ಬಂದ ನಿಮ್ಮ ಕಾಗದಕ್ಕ ನಾ ಜವಾಬು ಬರೀಲಿಲ್ಲ. ಆರು ಸಲ ಬರದು ಹರದೆ. ಪಂಚಮಿಗೆ ಬಂದಾಗ ಬಾಯಿಲೆ ಹೇಳೂಣು ಅಂತ ಬಿಟ್ಟೆ. ಬಂದ ಮ್ಯಾಲ ಜ್ವಾಳದ ಅಳ್ಳು, ಶೇಂಗಾ ಉಂಡಿ, ಜೋಕಾಲಿ, ಮಂದಿ. ನಿಮ್ಮ ಕೂಡ ನಿಂತು ಎರಡು ಮಾತಾಡಾಕ ಆಗಲಿಲ್ಲ. ನಿನ್ನೆ ಬಸ್ ಸ್ಟ್ಯಾಂಡಿನಾಗ ಹೇಳಬೇಕಂತ ಬಾಯಿ ತೆರದೆ, ಮಮತಾ ಚಿಗವ್ವ ಬಾಜೂಕ ಬಂದು ನಿಂತ್ರು.

ಮೊನ್ನೆ ನೀವು ಉಂಡಿ ಕಟ್ಟಾಕತ್ತಿದ್ರಿ, ಅಯ್ಯನೋರು ನನ್ನ ಗದ್ದಿಗಿ ಮನಿಗೆ ಕರದ್ರು. ಒಳಗ ಬ್ಯಾರೆ ಯಾರೂ ಇರಲಿಲ್ಲ. ಚಾಪಿ ತೋರಿಸಿ ಕುಂದ್ರು ಅಂದ್ರು. ಲಿಂಗ ಎಡಗೈಯಾಗ ಹಿಡಿ ಅಂದ್ರು. ಇನ್ನ ನನ್ನ ಕೇಳ್ತಾರ ಅನಕೊಂಡೆ. ಎಲ್ಲಾ ಒಪ್ಪಿಕೊಂಡು ನಿಮ್ಮ ಹೆಸರು ಉಳಸೂದು ಹೆಂಗ ಅಂತ ಅಷ್ಟ ವಿಚಾರ ಮಾಡಾಕತ್ತಿದ್ದೆ.

ಅವರು ಏನೂ ಕೇಳಲಿಲ್ಲ. ನೆಲದ ಮ್ಯಾಲ ಕುಂದ್ರಾಕ ಅವರಿಗೆ ಮೊಳಕಾಲು ಬಗ್ಗಂಗಿಲ್ಲಲ್ಲ, ಆದ್ರೂ ಗದ್ದಿಗಿ ಹಿಡಿದು ಹಗೂರಕ ನನ್ನ ಎದುರಿಗೆ ಕುಂತ್ರು. ಕಿವಿ ಮಂದ ಇರೂದ್ರಿಂದ ಅವರು ಯಾವಾಗಲೂ ಒದರಿ ಮಾತಾಡ್ತಾರ. ಅವತ್ತ ಸಣ್ಣ ದನಿಲೆ ಮಾತಾಡಿದ್ರು. ಪತ್ರಿಕ್ಯಾಗ ಹೆಸರು ಕೆಳಗ ಹಾಕಿದ್ದು, ಲಿಂಗಸುಗೂರ ಬಸ್ ಹತ್ತಿದ್ದು, ಹೋಳಗಿ, ಎಲ್ಲಾ ತಾವ ಹೇಳಿದ್ರು. ಅವರಿಗೆ ಏನೂ ಮರ್ತಿಲ್ಲ. ದೈವದಾಗ ನೀವು ಎದ್ದಾಗ ಅವರಿಗೆ ಎಲ್ಲಾ ನೆನಪಿತ್ತು. "ಹದಿನಾರು ವರ್ಷ ನನ್ನ ಸುಳ್ಳು ಹೊತ್ತಾಕಿ ಈಗ ನಿನ್ನ ಸುಳ್ಳೂ ಹೊತ್ತಾಳ, ದೀಪ ಹಚ್ಚಾಕ ಬರಾಕ ಹೆದರತಾಳ, ನಾ ನೋಡಾಕತ್ತೀನಿ" ಅಂದ್ರು. ಅಷ್ಟು ಹೇಳೂದ್ರಾಗ ಅವರ ಕಣ್ಣು ತುಂಬಿದ್ವು.

ಆಮ್ಯಾಲ ನನ್ನ ತಲಿ ಮ್ಯಾಲ ಕೈ ಇಟ್ರು, ಬಗ್ಗಿ ಕಿವ್ಯಾಗ ಮಂತ್ರ ಹೇಳಿದ್ರು. ಪೂರಾ ಹೇಳಿದ್ರು, ಮೂರು ಸಲ.

ನಿಮಗ ಹೇಳಬ್ಯಾಡ ಅಂದಾರ. ಅದನ್ನೊಂದು ನಾ ಕೇಳಂಗಿಲ್ಲ. ತಾವ ಏಳಾಕ ಆಗದಕ್ಕ ನನ್ನ ಹೆಗಲು ಹಿಡಿದು ಎದ್ದು ನಿಂತಾಗ ಅವರು ಅಂದದ್ದು ಇಷ್ಟ ಅವ್ವಾ:

"ಅವತ್ತ ನಾ ಬಂದಿರಲಿಲ್ಲವ್ವ. ಇವತ್ತ ಬಂದೀನಿ."

ನಿಮ್ಮ ಮಗಳು,
ಭಾಗ್ಯಶ್ರೀ